ಔಷಧಿ ಆಮೇಲೆ, ಮೊದಲು ಟಾರ್ಚ್ ಹಿಡಿದು ನೋಡಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ. ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆವು, ದುಡ್ಡು ಕೊಟ್ಟೆವು, ಹುಳ ಮತ್ತೆ ಬಂತು. ಮನೆಗಳ ತಪಾಸಣೆಯೇ ನನ್ನ ಕೆಲಸ, ಹಾಗಾಗಿ ಕೆಲವು ಉತ್ತರ ಉದ್ದ ಆಗಿವೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಅಂತ ಅನೇಕರು ಬರೆದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ಅಡುಗೆಮನೆಯಲ್ಲಿ ಸಣ್ಣ ಜಿರಳೆಗಳು ವಿಪರೀತ. ಎರಡು ಸಲ ಔಷಧಿ ಹೊಡೆಸಿದ್ದೇವೆ. ಹೊಡೆದ ದಿನ ರಾಶಿ ಬೀಳುತ್ತವೆ, ಮೂರ್ನಾಲ್ಕು ವಾರಕ್ಕೆ ಮತ್ತೆ ಅಷ್ಟೇ. ಈಗ ಮಲಗುವ ಕೋಣೆಯಲ್ಲೂ ಕಾಣಿಸುತ್ತಿವೆ. ಬಂದ ಹುಡುಗ ಹತ್ತು ನಿಮಿಷದಲ್ಲಿ ಎಲ್ಲ ಕಡೆ ಸ್ಪ್ರೇ ಮಾಡಿ ಹೋಗುತ್ತಾನೆ. ಔಷಧಿಗೆ ನೀರು ಬೆರೆಸಿ ಮೋಸ ಮಾಡುತ್ತಿದ್ದಾರಾ?

ಉತ್ತರ: ನೀರು ಬೆರೆಸಿದ್ದು ಮೋಸ ಅಲ್ಲ, ಸ್ಪ್ರೇ ಔಷಧಿಗಳಲ್ಲಿ ಹೆಚ್ಚಿನವನ್ನು ನೀರಲ್ಲಿ ಬೆರೆಸಿಯೇ ಹೊಡೆಯಬೇಕು. ನನಗೆ ತಕರಾರು ಇರೋದು ಆ ಹತ್ತು ನಿಮಿಷದ ಬಗ್ಗೆ. ಅಷ್ಟು ಹೊತ್ತಲ್ಲಿ ಯಾರೂ ಒಂದು ಅಡುಗೆಮನೆಯನ್ನು ನೋಡಿ ಮುಗಿಸೋಕೆ ಆಗಲ್ಲ.

ನೀವು ಹೇಳುತ್ತಿರುವ ಸಣ್ಣ ಜಿರಳೆ ಜರ್ಮನ್ ಜಿರಳೆ ಇರಬೇಕು. ತಿಳಿ ಕಂದು ಬಣ್ಣ, ಒಂದೂವರೆ ಸೆಂಟಿಮೀಟರ್ ಒಳಗಿನ ಉದ್ದ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಮೋರಿಯಿಂದ ಹತ್ತಿ ಬರುವ ದೊಡ್ಡ ಕೆಂಗಂದು ಜಿರಳೆ ಬೇರೆ, ಅದರ ಚಿಕಿತ್ಸೆಯೂ ಬೇರೆ. ದೊಡ್ಡದು ಹೆಚ್ಚಾಗಿ ಹೊರಗಿನಿಂದ ಬರುತ್ತದೆ, ಜಾಲರಿ ಹಾಕಿ ಸಂದು ಮುಚ್ಚಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಈ ಸಣ್ಣದು ಮನೆಯೊಳಗೇ ಹುಟ್ಟಿ ಮನೆಯೊಳಗೇ ಸಂಸಾರ ಮಾಡುತ್ತದೆ. ಹೆಣ್ಣು ತನ್ನ ಮೊಟ್ಟೆಚೀಲವನ್ನು ಹಿಂಭಾಗದಲ್ಲಿ ಅಂಟಿಸಿಕೊಂಡೇ ತಿರುಗುತ್ತದೆ, ಮರಿ ಆಚೆ ಬರುವ ಹೊತ್ತಿಗಷ್ಟೇ ಬಿಡುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಚೀಲದ ಗಟ್ಟಿ ಪೊರೆಯನ್ನು ದಾಟಿ ಸ್ಪ್ರೇ ಒಳಗೆ ಹೋಗೋದು ಕಷ್ಟ. ಅಂದರೆ ನೀವು ಗುಡಿಸಿ ಹಾಕಿದ ರಾಶಿಯಲ್ಲಿ ದೊಡ್ಡವು ಸತ್ತಿದ್ದರೂ ಮೊಟ್ಟೆ ಉಳಿದಿರುತ್ತವೆ, ಮೂರ್ನಾಲ್ಕು ವಾರಕ್ಕೆ ಮರಿಗಳು ಹೊರಗೆ ಬರುತ್ತವೆ. ನಿಮ್ಮ ಲೆಕ್ಕ ಸರಿಯಾಗಿ ಹೊಂದುತ್ತದೆ ನೋಡಿ.

ಇನ್ನು ಮಲಗುವ ಕೋಣೆಗೆ ಯಾಕೆ ಬಂದವು? ಸ್ಪ್ರೇಗೆ ಬಳಸುವ ಔಷಧಿಗಳಲ್ಲಿ ಕೆಲವು, ಮುಖ್ಯವಾಗಿ ಪೈರೆಥ್ರಾಯ್ಡ್ ಗುಂಪಿನವು, ಜಿರಳೆಯನ್ನು ಕೊಲ್ಲುವುದರ ಜೊತೆಗೆ ಓಡಿಸುತ್ತವೆ ಕೂಡ. ಎಲ್ಲ ಕಡೆ ಹೊಡೆದರೆ ಬದುಕಿದವು ಹೊಸ ಜಾಗ ಹುಡುಕಿಕೊಂಡು ಚದುರುತ್ತವೆ. ಹೀಗಾಗಿ ಇವಕ್ಕೆ ಜೆಲ್, ಅಂದರೆ ವಿಷ ಬೆರೆಸಿದ ಮೆತ್ತನೆ ತಿಂಡಿ, ಒಳ್ಳೆಯದು. ಕಪಾಟಿನ ಬಾಗಿಲ ಕೀಲಿನ ಪಕ್ಕ, ಡ್ರಾಯರ್‌ನ ಹಿಂದೆ, ಫ್ರಿಜ್ಜಿನ ಮೋಟರ್ ಹತ್ತಿರ, ಸಿಂಕಿನ ಕೆಳಗೆ ಪೈಪು ಗೋಡೆ ಸೇರುವ ಜಾಗದಲ್ಲಿ, ಹೀಗೆ ಬೆಚ್ಚಗೆ ಒದ್ದೆಯಾಗಿ ಕತ್ತಲೆ ಇರುವ ಕಡೆಗಳಲ್ಲಿ ಸಣ್ಣ ಸಣ್ಣ ಚುಕ್ಕಿ ಇಡಬೇಕು. ದೊಡ್ಡ ಮುದ್ದೆ ಇಡೋದಕ್ಕಿಂತ ಬಹಳ ಕಡೆ ಚುಕ್ಕಿ ಇಡೋದು ಮೇಲು. ತಿಂದ ಜಿರಳೆ ತಕ್ಷಣ ಸಾಯದೆ ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆಯನ್ನೂ ಹೆಣವನ್ನೂ ತಿನ್ನುವ ಮರಿಗಳು ಕೂಡ ಸಾಯುತ್ತವೆ. ಆದರೆ ಜೆಲ್ ಇಟ್ಟ ಮೇಲೆ ಅದರ ಮೇಲೇ ಸ್ಪ್ರೇ ಹೊಡೆದರೆ ಮುಗಿಯಿತು, ಯಾವ ಜಿರಳೆಯೂ ಹತ್ತಿರ ಬರಲ್ಲ. ನೀವಾಗಿ ಅಂಗಡಿಯ ಸ್ಪ್ರೇ ತಂದು ಮಧ್ಯೆ ಹೊಡೆಯೋದನ್ನೂ ನಿಲ್ಲಿಸಿ.

ಇನ್ನೊಂದು ವಿಷಯ. ಕೆಲವು ಕಡೆಯ ಜರ್ಮನ್ ಜಿರಳೆಗಳು ಸಿಹಿ ಜೆಲ್ಲನ್ನು ಮುಟ್ಟುವುದೇ ಇಲ್ಲ. ಅಂಥ ಜಿರಳೆಗಳ ನಾಲಿಗೆಗೆ, ಅಂದರೆ ಅವುಗಳ ರುಚಿಯ ನರಗಳಿಗೆ, ಗ್ಲೂಕೋಸ್ ಕಹಿಯಾಗಿ ತಾಗುತ್ತದೆ ಅಂತ 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಎರಡು ವಾರ ಆದರೂ ಜೆಲ್ ಚುಕ್ಕಿ ಹಾಗೇ ಕೂತಿದ್ದರೆ ಬೇರೆ ಬಗೆಯ ಜೆಲ್ ಹಾಕಿ ಅಂತ ಹೇಳಿ. ತಿಳಿದವರಾದರೆ ಅವರೇ ಬದಲಾಯಿಸುತ್ತಾರೆ.

ಮುಂದಿನ ಸಲ ಕರೆಸುವ ಮೊದಲು ಅಂಟು ಹಲಗೆ ನಾಲ್ಕೈದು ತಂದು ಗೋಡೆ ಮೂಲೆಗೆ ತಾಗಿಸಿ ಎರಡು ರಾತ್ರಿ ಇಡಿ. ಯಾವುದಕ್ಕೆ ಜಾಸ್ತಿ ಅಂಟಿವೆ ಅನ್ನೋದನ್ನು ಬಂದವರಿಗೆ ತೋರಿಸಿ. ಗೂಡು ಅಲ್ಲೇ ಹತ್ತಿರದಲ್ಲಿದೆ ಅಂತ ಅರ್ಥ. ಎರಡು ಮೂರು ವಾರ ಬಿಟ್ಟು ಮತ್ತೆ ಬಂದು ನೋಡುವುದು ಒಪ್ಪಂದದಲ್ಲಿ ಇರಲೇಬೇಕು, ಇಲ್ಲದಿದ್ದರೆ ಮರಿಗಳನ್ನು ಯಾರು ನೋಡಿಕೊಳ್ಳುತ್ತಾರೆ?

ಪ್ರಶ್ನೆ: ಅಣ್ಣಾ, ಹೇಳೋಕೆ ನಾಚಿಕೆ ಆಗುತ್ತದೆ. ನಮ್ಮ ಮನೆಯಲ್ಲಿ ತಿಗಣೆ. ಮಕ್ಕಳ ಮೈಮೇಲೆಲ್ಲ ದದ್ದು. ನಾನು ಪ್ರತಿದಿನ ಒರೆಸಿ ತೊಳೆಯುವವಳು, ಆದರೂ ಹೀಗಾಯಿತು. ಹೊಗೆ ಡಬ್ಬಿ ತಂದು ಇಟ್ಟೆವು, ಕಡಿಮೆ ಆಗಲಿಲ್ಲ. ಈಗ ಎಲ್ಲರೂ ಹಾಲ್‌ನಲ್ಲಿ ಮಲಗುತ್ತಿದ್ದೇವೆ. ಮಂಚ ಹಾಸಿಗೆ ಎಲ್ಲ ಬಿಸಾಡಿ ಅಂತ ಒಬ್ಬರು ಹೇಳಿದರು. ಬಿಸಾಡಬೇಕಾ?

ಉತ್ತರ: ಬಿಸಾಡಬೇಡಿ ತಂಗೀ, ಇನ್ನೂ ಆ ಹಂತಕ್ಕೆ ಬಂದಿಲ್ಲ. ನಾಚಿಕೆಯನ್ನೂ ಬಿಡಿ. ತಿಗಣೆಗೆ ಬೇಕಿರೋದು ರಕ್ತ, ಕೊಳೆ ಅಲ್ಲ. ಪ್ರಯಾಣದ ಪೆಟ್ಟಿಗೆ, ಹಳೇ ಪೀಠೋಪಕರಣ, ನೆಂಟರ ಬ್ಯಾಗು, ಪಕ್ಕದ ಮನೆಯ ಗೋಡೆಯ ಬಿರುಕು, ಎಲ್ಲಿಂದ ಬೇಕಾದರೂ ಬರುತ್ತದೆ. ಥಳಥಳ ಹೊಳೆಯುವ ಹೋಟೆಲ್ ಕೋಣೆಗಳಲ್ಲೂ ಇರುತ್ತದೆ. ನಾಚಿಕೊಂಡು ಮುಚ್ಚಿಟ್ಟಷ್ಟೂ ದಿನ ಅದು ಹೆಚ್ಚುತ್ತಾ ಹೋಗುತ್ತದೆ, ಅದೊಂದೇ ನನ್ನ ಚಿಂತೆ.

ಮೊದಲು ತಿಗಣೆ ಹೌದಾ ಅಂತ ಖಚಿತ ಮಾಡಿಕೊಳ್ಳಿ. ದದ್ದು ನೋಡಿ ಯಾರೂ, ವೈದ್ಯರು ಕೂಡ, ಖಡಾಖಂಡಿತವಾಗಿ ಹೇಳೋಕೆ ಆಗಲ್ಲ. ಸೊಳ್ಳೆ, ಚಿಗಟ, ಅಲರ್ಜಿ ಎಲ್ಲವೂ ಹಾಗೇ ಕಾಣುತ್ತವೆ, ಕೆಲವರಿಗಂತೂ ತಿಗಣೆ ಕಚ್ಚಿದರೂ ಗುರುತೇ ಬೀಳಲ್ಲ. ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ಸ್ಕ್ರೂ ತೂತು, ತಲೆಭಾಗದ ಹಲಗೆಯ ಹಿಂದೆ, ಗೋಡೆಯ ಚಿತ್ರಪಟದ ಹಿಂದೆ ಟಾರ್ಚ್ ಹಿಡಿದು ನೋಡಿ. ಇಂಕಿನ ಪೆನ್ನಿನ ತುದಿ ಒತ್ತಿದಂಥ ಕಪ್ಪು ಚುಕ್ಕೆಗಳು, ತಿಳಿ ಬಣ್ಣದ ಕಳಚಿದ ಪೊರೆ, ಒಂದು ಮಿಲಿಮೀಟರಿನ ಬಿಳಿ ಮೊಟ್ಟೆ, ಇವೇ ಸಾಕ್ಷಿ. ದೊಡ್ಡ ತಿಗಣೆ ಸುಮಾರು 5 ಮಿಲಿಮೀಟರ್ ಇರುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಹೊಗೆ ಡಬ್ಬಿ ಇವಕ್ಕೆ ಸುಮ್ನೆ. ಹೊಗೆ ಕೋಣೆಯ ಮಧ್ಯೆ ತೇಲಿ ಕೆಳಗೆ ಕೂರುತ್ತದೆ, ತಿಗಣೆ ಇರೋದು ಸಂದಿಯ ಒಳಗೆ. ಜೊತೆಗೆ ತಿಗಣೆಗಳು ಔಷಧಿಗೆ ಬೇಗ ಒಗ್ಗಿಕೊಳ್ಳುತ್ತವೆ. 1940ರ ದಶಕ ಮುಗಿಯುವುದರೊಳಗೇ ಡಿಡಿಟಿಗೆ ಬಗ್ಗದ ತಿಗಣೆಗಳು ಕಾಣಿಸಿಕೊಂಡಿದ್ದವು, ಈಗ ಪೈರೆಥ್ರಾಯ್ಡ್ ಔಷಧಿಗಳಿಗೂ ಬಹಳ ಕಡೆ ಅದೇ ಕಥೆ.

ಹಾಲ್‌ಗೆ ಹೋಗಿ ಮಲಗೋದು ಎಲ್ಲರಿಗೂ ತಕ್ಷಣ ಹೊಳೆಯುವ ದಾರಿ. ಆದರೆ ದಯವಿಟ್ಟು ಬೇಡ. ನಿಮ್ಮ ಉಸಿರು, ಮೈ ಶಾಖ ಹುಡುಕಿಕೊಂಡು ಅವೂ ಅಲ್ಲಿಗೆ ಬರುತ್ತವೆ, ಹೊದಿಕೆಯ ಜೊತೆ ನೀವೇ ಹೊತ್ತುಕೊಂಡೂ ಹೋಗಿರುತ್ತೀರಿ, ಆಮೇಲೆ ಒಂದು ಕೋಣೆಯ ಕೆಲಸ ಇಡೀ ಮನೆಯ ಕೆಲಸ ಆಗುತ್ತದೆ. ಕೋಣೆಯನ್ನು ಖಾಲಿ ಬಿಟ್ಟು ಉಪವಾಸ ಕೆಡವೋಣ ಅಂದರೂ ಆಗಲ್ಲ, ಬೆಳೆದ ತಿಗಣೆ ತಿಂಗಳುಗಟ್ಟಲೆ ರಕ್ತವಿಲ್ಲದೆ ಬದುಕುತ್ತದೆ.

ಅವಕ್ಕೆ ತಡೆಯಲಾಗದ್ದು ಶಾಖ. 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊಟ್ಟೆ ಸಮೇತ ಸಾಯುತ್ತವೆ. ಬಟ್ಟೆ, ಹೊದಿಕೆ, ದಿಂಬಿನ ಕವರು ಎಲ್ಲವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಯ್ಯಿರಿ, ಬಿಸಿನೀರಲ್ಲಿ ಒಗೆಯಿರಿ, ಡ್ರೈಯರ್ ಇದ್ದರೆ ಹೆಚ್ಚು ಶಾಖದಲ್ಲಿ ಅರ್ಧ ಗಂಟೆ ತಿರುಗಿಸಿ. ಹಾಸಿಗೆಗೆ ಪೂರ್ತಿ ಮುಚ್ಚುವ ಜಿಪ್ ಕವರು ಹಾಕಿ ಒಂದು ವರ್ಷ ತೆಗೆಯಬೇಡಿ. ಒಳಗೆ ಸಿಕ್ಕಿಕೊಂಡವು ಅಲ್ಲೇ ಸಾಯುತ್ತವೆ, ಹಾಸಿಗೆಯೂ ಉಳಿಯುತ್ತದೆ. ಮಂಚವನ್ನು ಗೋಡೆಯಿಂದ ದೂರ ಎಳೆಯಿರಿ.

ಉಳಿದದ್ದು ವೃತ್ತಿಯವರ ಕೆಲಸ, ಇದನ್ನು ಮನೆಯಲ್ಲೇ ಮಾಡಿಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ. ಬಂದವರು ಮಂಚ ಬಿಚ್ಚಬೇಕು, ಸ್ವಿಚ್ ಬೋರ್ಡಿನ ಮುಚ್ಚಳ ತೆಗೆದು ನೋಡಬೇಕು, ಸಂದುಗಳಿಗೆ ಬಿಸಿ ಹಬೆ ಅಥವಾ ಔಷಧಿ ಕೊಡಬೇಕು. ಮೊಟ್ಟೆಗಳು 6ರಿಂದ 10 ದಿನದಲ್ಲಿ ಒಡೆಯುವುದರಿಂದ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಬರಲೇಬೇಕು, ಮೂರನೇ ಸಲವೂ ಬೇಕಾಗಬಹುದು. ಒಂದೇ ಸಲಕ್ಕೆ ತಿಗಣೆ ತೆಗೆದುಕೊಡುತ್ತೇನೆ ಅಂತ ಸ್ಪ್ರೇ ಹಿಡಿದು ಬಂದವರನ್ನು ನಂಬಬೇಡಿ. ಅಪಾರ್ಟ್‌ಮೆಂಟ್ ಆದರೆ ಅಕ್ಕಪಕ್ಕ, ಮೇಲೆ ಕೆಳಗೆ ಇರುವ ಮನೆಗಳನ್ನೂ ನೋಡಬೇಕು. ಅವರಿಗೆ ತಿಳಿಸೋದು ಕಷ್ಟ ಅಂತ ಗೊತ್ತು, ಆದರೆ ತಿಳಿಸಿ.

ಒಂದು ಸಮಾಧಾನ: ತಿಗಣೆ ಕಚ್ಚಿದ್ದರಿಂದ ರೋಗ ಹರಡುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ. ಮಕ್ಕಳು ಕೆರೆದು ಗಾಯ ಮಾಡಿಕೊಳ್ಳದಂತೆ ನೋಡಿಕೊಳ್ಳಿ, ತುರಿಕೆ ಜಾಸ್ತಿ ಇದ್ದರೆ ವೈದ್ಯರಿಗೆ ತೋರಿಸಿ. ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿ ಇಂಥವನ್ನು ಹಾಸಿಗೆಗೆ ಬಳಿಯೋದು ಮಾತ್ರ ಖಂಡಿತ ಬೇಡ. ಆ ವಿಷದ ಮೇಲೆ ಮಲಗುವವರು ನೀವೇ.

ಪ್ರಶ್ನೆ: ಮಗಾ, ನಾನು ನಿನ್ನ ತಾಯಿ ವಯಸ್ಸಿನವಳು. ಮೊಮ್ಮಗ ಒಂದು ಯಂತ್ರ ತಂದು ಗೋಡೆಗೆ ಸಿಕ್ಕಿಸಿದ್ದಾನೆ. ನಮಗೆ ಕೇಳಿಸದ ಸದ್ದು ಮಾಡಿ ಇಲಿ, ಜಿರಳೆ, ಸೊಳ್ಳೆ ಎಲ್ಲ ಓಡಿಸುತ್ತದಂತೆ. ನಿಜವಾ?

ಉತ್ತರ: ಇಲ್ಲ ಅಮ್ಮಾ. ಜಿರಳೆ, ಸೊಳ್ಳೆ ಅದಕ್ಕೆ ಕ್ಯಾರೇ ಅನ್ನಲ್ಲ. ಇಲಿ ಒಂದೆರಡು ದಿನ ಹೆದರಿದರೂ ಆಮೇಲೆ ಒಗ್ಗಿಕೊಳ್ಳುತ್ತದೆ. ಆ ಸದ್ದು ಗೋಡೆಯನ್ನೂ ಬೀರುವನ್ನೂ ದಾಟಲ್ಲ. ವಾಪಸ್ ತೆಗೆದುಕೊಳ್ಳುವುದಾದರೆ ಕೊಟ್ಟುಬಿಡಲಿ.

ಪ್ರಶ್ನೆ: ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಕಂಡಿತು. ಕೆರೆದು ತೆಗೆದು ಬಣ್ಣ ಬಳಿಸಿದೆವು. ಎರಡು ತಿಂಗಳಿಗೆ ಇನ್ನೊಂದು ಕಡೆ ಬಂತು. ಉಚಿತ ತಪಾಸಣೆ ಅಂತ ಬಂದ ಕಂಪನಿಯವರು ಐದು ನಿಮಿಷ ನೋಡಿ, ಇಡೀ ಮನೆಯ ನೆಲ ಕೊರೆದು ಔಷಧಿ ತುಂಬಬೇಕು, ಇವತ್ತೇ ಒಪ್ಪಿದರೆ ರಿಯಾಯಿತಿ ಅಂದರು. ಏನು ಮಾಡೋಣ?

ಉತ್ತರ: ಇವತ್ತೇ ಒಪ್ಪಬೇಡಿ. ಗೆದ್ದಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ತಿನ್ನುವ ಹುಳ. ಒಂದು ವಾರ ಯೋಚಿಸಿ ಇನ್ನೊಬ್ಬರನ್ನು ಕರೆಸಿ ಕೇಳಿದರೆ ಮನೆ ಬಿದ್ದುಹೋಗಲ್ಲ. ಇವತ್ತೇ ಅನ್ನುವ ಅವಸರ ಮಾರುವವರದು.

ಹಾಗಂತ ಅವರು ಹೇಳಿದ ಕೆಲಸವೇ ತಪ್ಪು ಅಂತಲ್ಲ. ನಿಮಗೆ ಕಂಡ ಮಣ್ಣಿನ ಗೆರೆ ನೆಲದಡಿಯ ಗೆದ್ದಲಿನ ದಾರಿ. ಅವಕ್ಕೆ ಒಣಗಾಳಿ ಆಗಿಬರಲ್ಲ, ಅದಕ್ಕೇ ಮಣ್ಣು ಮತ್ತು ಜೊಲ್ಲಿನ ಸುರಂಗ ಕಟ್ಟಿಕೊಂಡು ತೇವ ಉಳಿಸಿಕೊಂಡು ಮರಕ್ಕೆ ಬರುತ್ತವೆ. ಗೂಡು, ರಾಣಿ ಎಲ್ಲ ಮಣ್ಣಿನಲ್ಲಿ. ಗೆರೆ ಕೆರೆದು ಹಾಕಿದರೆ ದಾರಿ ಹೋಯಿತು, ಊರು ಹಾಗೇ ಇದೆ. ಬಣ್ಣ ಬಳಿದಿದ್ದರಿಂದ ಎಲ್ಲಿ ತಿಂದಿವೆ ಅನ್ನುವ ಗುರುತೂ ಮುಚ್ಚಿಹೋಯಿತು.

ಈಗ ಕಂಡಿರುವ ಗೆರೆಯನ್ನು ಮಧ್ಯದಲ್ಲಿ ಒಂದೆರಡು ಅಂಗುಲ ಮಾತ್ರ ಒಡೆಯಿರಿ. ಒಳಗೆ ಬಿಳಿ ಹುಳ ಓಡಾಡುತ್ತಿದ್ದರೆ, ಅಥವಾ ಕೆಲವು ದಿನದಲ್ಲಿ ಆ ಜಾಗ ಮತ್ತೆ ಮುಚ್ಚಿದ್ದರೆ, ಗೆದ್ದಲು ಅಲ್ಲಿ ಓಡಾಡುತ್ತಿದೆ. ಮುಚ್ಚಿಲ್ಲ ಅಂದ ಮಾತ್ರಕ್ಕೆ ಗೆದ್ದಲು ಹೋಯಿತು ಅಂದುಕೊಳ್ಳಬೇಡಿ, ಬೇರೆ ದಾರಿ ಹಿಡಿದಿರಬಹುದು.

ಸರಿಯಾದ ತಪಾಸಣೆ ಅಂದರೆ ಚೌಕಟ್ಟು, ಕಪಾಟು, ಮೆಟ್ಟಿಲ ಕೆಳಗೆ ಎಲ್ಲ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಟೊಳ್ಳು ಸದ್ದು ಕೇಳಬೇಕು, ಗೋಡೆಯ ತೇವ ಅಳೆಯಬೇಕು, ಮನೆಯ ಹೊರಗೆ ಸುತ್ತು ಹಾಕಿ ಗೋಡೆಗೆ ತಾಗಿದ ಮಣ್ಣು, ಕೊಳೆತ ಮರ, ಸೋರುವ ಪೈಪು ನೋಡಬೇಕು. ಕಂಡದ್ದನ್ನು ಮನೆಯ ನಕ್ಷೆ ಬರೆದು ಗುರುತು ಮಾಡಿ ಕೊಡಬೇಕು. ನಕ್ಷೆ ಇಲ್ಲದೆ ಇಡೀ ಮನೆ ಕೊರೆಯಬೇಕು ಅಂದರೆ ಯಾಕೆ, ಎಲ್ಲೆಲ್ಲಿ ಅಂತ ಕೇಳಿ. ಕೊರೆಯುವುದು ಸಾಮಾನ್ಯವಾಗಿ ಗೋಡೆ ನೆಲ ಕೂಡುವ ಅಂಚಿನಲ್ಲಿ, ಸುಮಾರು ಒಂದಡಿಗೆ ಒಂದರಂತೆ ತೂತು ಮಾಡಿ ಮಣ್ಣಿಗೆ ಔಷಧಿ ಇಳಿಸಿ ಮುಚ್ಚುತ್ತಾರೆ. ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್ ತರಹದವು ಗೆದ್ದಲಿಗೆ ವಾಸನೆ ತಿಳಿಯದ ಔಷಧಿಗಳು, ಅದರೊಳಗೇ ಓಡಾಡಿ ಮೈಗೆ ಅಂಟಿಸಿಕೊಂಡು ಜೊತೆಯವಕ್ಕೂ ಹಚ್ಚುತ್ತವೆ. ನೆಲ ಕೊರೆಯೋದು ಬೇಡ ಅನ್ನುವವರಿಗೆ ಮಣ್ಣಲ್ಲಿ ಹೂಳುವ ಬೇಟ್ ಪೆಟ್ಟಿಗೆಗಳೂ, ಅಂದರೆ ಒಳಗೆ ವಿಷದ ತಿಂಡಿ ಇಟ್ಟ ಪೆಟ್ಟಿಗೆಗಳೂ ಇವೆ. ಅವು ನಿಧಾನ, ತಿಂಗಳುಗಳೇ ಬೇಕು, ಆದರೆ ಕೆಲಸ ಮಾಡುತ್ತವೆ.

ಇದೇ ವಿಷಯಕ್ಕೆ ಇನ್ನೊಬ್ಬರು, ಮೇಜಿನ ಕೆಳಗೆ ಮರಳಿನಂಥ ಕಾಳು ಬೀಳುತ್ತಿದೆ, ಮಣ್ಣಿನ ಗೆರೆ ಎಲ್ಲೂ ಇಲ್ಲ ಅಂತ ಬರೆದಿದ್ದಾರೆ. ಭೂತಗನ್ನಡಿಯಲ್ಲಿ ಆ ಕಾಳಿಗೆ ಆರು ಮುಖ ಕಂಡರೆ ಅದು ಒಣಮರದ ಗೆದ್ದಲು. ಅದಕ್ಕೆ ಮಣ್ಣಿನ ಸಂಪರ್ಕವೇ ಬೇಡ, ಮರದೊಳಗೇ ಇರುತ್ತದೆ. ನಿಮಗೆ ಯಾರಾದರೂ ನೆಲ ಕೊರೆಯೋಣ ಅಂದರೆ ಒಪ್ಪಬೇಡಿ, ಆ ಮರಕ್ಕೇ ಔಷಧಿ ಚುಚ್ಚಬೇಕು. ಮೈದಾಹಿಟ್ಟಿನಂಥ ನುಣ್ಣನೆ ಪುಡಿ ಬೀಳುತ್ತಿದ್ದರೆ ಅದು ಗೆದ್ದಲೇ ಅಲ್ಲ, ಮರ ಕೊರೆಯುವ ಬೇರೆ ಹುಳ.

ಪ್ರಶ್ನೆ: ಮನೆಯಲ್ಲಿ ಅಂಬೆಗಾಲಿಡುವ ಮಗು, ಬೆಕ್ಕು, ಮೀನಿನ ತೊಟ್ಟಿ ಇದೆ. ಪೆಸ್ಟ್ ಕಂಟ್ರೋಲ್ ಮಾಡಿಸಬಹುದಾ? ವಾಸನೆ ಇಲ್ಲದ್ದು, ಹರ್ಬಲ್, ಏನೂ ಆಗಲ್ಲ ಅಂತ ಹೇಳುತ್ತಾರೆ.

ಉತ್ತರ: ಮಾಡಿಸಬಹುದು. ಆದರೆ ವಾಸನೆ ಇಲ್ಲ ಅಂದ ಮಾತ್ರಕ್ಕೆ ವಿಷ ಇಲ್ಲ ಅಂತಲ್ಲ. ಹರ್ಬಲ್ ಅಂದರೂ ಅಷ್ಟೇ, ಸೇವಂತಿಗೆ ಜಾತಿಯ ಹೂವಿಂದ ತೆಗೆಯುವ ಪೈರೆಥ್ರಮ್ ಕೂಡ ಮೀನಿಗೆ ಘೋರ ವಿಷ. ಔಷಧಿಯ ಹೆಸರು, ಒಳಗಿರುವ ರಾಸಾಯನಿಕದ ಹೆಸರು ಕೇಳಿ, ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಏನಾದರೂ ಹೆಚ್ಚುಕಮ್ಮಿ ಆದರೆ ಆಸ್ಪತ್ರೆಯಲ್ಲಿ ಮೊದಲು ಕೇಳೋದು ಅದನ್ನೇ. ಹೆಸರು ಹೇಳದವರನ್ನು, ಲೇಬಲ್ ಇಲ್ಲದ ನೀರಿನ ಬಾಟಲಿಯಲ್ಲಿ ಔಷಧಿ ತಂದವರನ್ನು ಬಾಗಿಲಿಂದಲೇ ಕಳಿಸಿ.

ಮೀನಿನ ತೊಟ್ಟಿಯನ್ನು ಬೇರೆ ಕಡೆ ಸಾಗಿಸೋದು ಉತ್ತಮ, ಆಗದಿದ್ದರೆ ಗಾಳಿ ಪಂಪು ನಿಲ್ಲಿಸಿ ಬಿಗಿಯಾಗಿ ಮುಚ್ಚಿ, ಹೊರಗಿನ ಗಾಳಿ ಪೂರ್ತಿ ಆಡಿದ ಮೇಲೆ ಪಂಪು ಹಾಕಿ. ಪೈರೆಥ್ರಾಯ್ಡ್ ಗುಂಪಿನ ಪರ್ಮೆಥ್ರಿನ್ ಬೆಕ್ಕಿಗೆ ಆಗದು, ಅದನ್ನು ಮೊದಲೇ ಹೇಳಿಬಿಡಿ. ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಎಲ್ಲರೂ ಹೊರಗಿರಿ, ನೆಲ ಪೂರ್ತಿ ಒಣಗಿ ಕಿಟಕಿ ತೆರೆದು ಗಾಳಿ ಆಡಿದ ಮೇಲೆ ಮಗುವನ್ನು ಕರೆತನ್ನಿ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಇಡುತ್ತದೆ, ಹಾಗಾಗಿ ನಿಮ್ಮಂಥ ಮನೆಗೆ ಕೈಗೆ ಸಿಗದ ಸಂದಿಯಲ್ಲಿ ಇಡುವ ಜೆಲ್, ಬೀಗದ ಬೇಟ್ ಪೆಟ್ಟಿಗೆ ಇವನ್ನೇ ನಾನು ಮೊದಲು ಆರಿಸುತ್ತೇನೆ. ಇಡೀ ನೆಲಕ್ಕೆ ಸ್ಪ್ರೇ ಬೇಕೇ ಬೇಕು ಅಂದರೆ ಕಾರಣ ಕೇಳಿ.

ಪ್ರಶ್ನೆ: ವರ್ಷದ ಒಪ್ಪಂದ ಮಾಡಿಕೊಳ್ಳೋದು ಒಳ್ಳೆಯದಾ, ಬೇಕಾದಾಗ ಕರೆಸೋದಾ?

ಉತ್ತರ: ಒಪ್ಪಂದದಲ್ಲಿ ಏನು ಬರೆದಿದೆ ಅನ್ನೋದರ ಮೇಲೆ. ತಿಂಗಳಿಗೊಮ್ಮೆ ಬಂದು ಕಣ್ಣುಮುಚ್ಚಿ ಹೊಡೆದು ಹೋಗುವ ಒಪ್ಪಂದ ನನಗಂತೂ ಇಷ್ಟವಿಲ್ಲ, ಹುಳ ಇಲ್ಲದ ಮನೆಗೆ ಔಷಧಿ ಯಾಕೆ? ಬಂದು ನೋಡಿ, ಅಂಟು ಹಲಗೆ ಎಣಿಸಿ, ಬೇಕಾದರೆ ಮಾತ್ರ ಔಷಧಿ ಇಟ್ಟು, ಕಂಡದ್ದನ್ನು ಬರೆದುಕೊಡುವ ಒಪ್ಪಂದ ಆದರೆ ಕೊಟ್ಟ ದುಡ್ಡಿಗೆ ಸಾರ್ಥಕ. ಯಾವ ಯಾವ ಹುಳ ಸೇರಿದೆ ನೋಡಿ. ತಿಗಣೆ, ಗೆದ್ದಲು ಎರಡನ್ನೂ ಸಾಮಾನ್ಯ ಒಪ್ಪಂದದಿಂದ ಬಹಳ ಜನ ಹೊರಗಿಡುತ್ತಾರೆ. ಗ್ಯಾರಂಟಿ ಅಂದರೆ ಮತ್ತೆ ಬಂದರೆ ಉಚಿತವಾಗಿ ಬರುತ್ತಾರಾ, ದುಡ್ಡು ವಾಪಸ್ ಕೊಡುತ್ತಾರಾ, ಹಾಳಾದ ಮರ ರಿಪೇರಿ ಮಾಡಿಸುತ್ತಾರಾ, ಅದನ್ನು ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಊರಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕಿದ್ದರೆ ಅದರ ಪ್ರತಿಯನ್ನೂ ಕೇಳಿ, ಕೇಳಿದ್ದಕ್ಕೆ ಸಿಟ್ಟಾದರೆ ಬೇರೆಯವರನ್ನು ನೋಡಿ.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಮೇಲೆ ರಾತ್ರಿಯೆಲ್ಲ ಇಲಿ ಓಡಾಟ. ವಿಷದ ಬಿಲ್ಲೆ ಇಟ್ಟೆವು, ಈಗ ಹೆಣದ ವಾಸನೆ. ಬಿಲ್ಲೆ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಅಂದಿದ್ದರು. ಪರಿಚಯದವರೊಬ್ಬರು ಧಾನ್ಯಕ್ಕೆ ಇಡುವ ಮಾತ್ರೆ ತಂದುಕೊಡುತ್ತೇನೆ, ಒಂದೇ ರಾತ್ರಿಗೆ ಎಲ್ಲ ಖಾಲಿ ಅಂತಿದ್ದಾರೆ.

ಉತ್ತರ: ಮೊದಲು ಆ ಮಾತ್ರೆಯ ವಿಷಯ. ಮನೆಯೊಳಗೆ ತರಲೇಬೇಡಿ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ಗಾಳಿ ಬಿಡುತ್ತದೆ. ಅದು ಬಾಗಿಲ ಸಂದು, ಗೋಡೆ ಬಿರುಕು, ಪೈಪಿನ ದಾರಿ ಎಲ್ಲದರಲ್ಲೂ ನುಗ್ಗಿ ಪಕ್ಕದ ಮನೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ಆ ವಿಷಕ್ಕೆ ಪ್ರತಿಮದ್ದೇ ಇಲ್ಲ. ಇದರಿಂದ ನಿದ್ದೆಯಲ್ಲೇ ಜೀವ ಬಿಟ್ಟ ಮಕ್ಕಳಿದ್ದಾರೆ. ಪೆಸ್ಟ್ ಕಂಟ್ರೋಲ್‌ನವರೇ ಜನ ಇರುವ ಮನೆಗೆ ಇದನ್ನು ತಂದರೂ ಹೊರಗೆ ಕಳಿಸಿ.

ನೀರು ಹುಡುಕಿಕೊಂಡು ಹೊರಗೆ ಹೋಗುತ್ತದೆ ಅನ್ನೋದು ಬರೀ ಮಾತು. ಬ್ರೊಮಾಡಿಯೊಲೋನ್ ತರಹದ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ತಿಂದ ಇಲಿ ಮೂರರಿಂದ ಏಳು ದಿನಕ್ಕೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಸಾಯುವ ಹೊತ್ತಿಗೆ ಹೆಚ್ಚಾಗಿ ತನ್ನ ಗೂಡಲ್ಲೇ ಇರುತ್ತದೆ, ನಿಮ್ಮಲ್ಲಿ ಅಂದರೆ ಸೀಲಿಂಗ್ ಮೇಲೆ. ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ವಿಷ ಏರುತ್ತದೆ. ಮಗುವೇನಾದರೂ ಬಿಲ್ಲೆ ಬಾಯಿಗೆ ಹಾಕಿಕೊಂಡರೆ ಪ್ಯಾಕೆಟ್ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ, ಚೆನ್ನಾಗಿ ಕಂಡರೂ ಕಾಯಬೇಡಿ. ಈ ಬಗೆಯ ವಿಷಕ್ಕೆ ವಿಟಮಿನ್ ಕೆ1 ಪ್ರತಿಮದ್ದು ಇದೆ, ವೈದ್ಯರು ಕೊಡುತ್ತಾರೆ.

ಮನೆಯೊಳಗಿನ ಇಲಿಗೆ ಬೋನೇ ಸರಿ, ಹೆಣ ಎಲ್ಲಿದೆ ಅಂತ ಗೊತ್ತಿರುತ್ತದೆ. ದೊಡ್ಡ ಇಲಿಗಳಿಗೆ ಹೊಸ ವಸ್ತು ಕಂಡರೆ ಅನುಮಾನ, ಅದಕ್ಕೇ ಮೂರ್ನಾಲ್ಕು ದಿನ ತಿಂಡಿ ಇಟ್ಟು ಬೋನು ತೆರೆದೇ ಬಿಡಿ, ಅಭ್ಯಾಸ ಆದ ಮೇಲೆ ಸಜ್ಜು ಮಾಡಿ. ಅವು ಗೋಡೆಗೆ ಮೈ ತಾಗಿಸಿಕೊಂಡೇ ಓಡುವುದರಿಂದ ಬೋನನ್ನು ಗೋಡೆ ಬದಿಗೇ ಇಡಬೇಕು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಧೂಳಿನ ಜೊತೆ ರೋಗಾಣು ಮೂಗಿಗೆ ಹೋಗುತ್ತದೆ. ಗ್ಲೌಸ್ ಹಾಕಿ, ಬ್ಲೀಚ್ ಬೆರೆಸಿದ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ ತೆಗೆಯಿರಿ.

ಆಮೇಲೆ ದಾರಿ ಹುಡುಕಿ. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು, ಅಂದರೆ ಪೆನ್ಸಿಲ್ ತೂರುವ ತೂತು. ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು. ಏಸಿ ಪೈಪಿನ ಸುತ್ತ, ಕೇಬಲ್ ಒಳಗೆ ಬರುವ ಕಡೆ, ಛಾವಣಿ ಗೋಡೆ ಸೇರುವ ಅಂಚು ಇವನ್ನೆಲ್ಲ ನೋಡಿ ಸ್ಟೀಲ್ ಉಲ್ಲನ್ ತುರುಕಿ ಸಿಮೆಂಟು ಹಚ್ಚಿಸಿ. ಬರೀ ಫೋಮ್ ತುಂಬಿದರೆ ಕಡಿದುಕೊಂಡು ಬರುತ್ತವೆ. ಎಲ್ಲ ತೂತನ್ನೂ ಒಮ್ಮೆಲೇ ಮುಚ್ಚಿದರೆ ಒಳಗಿನವು ಒಳಗೇ ಉಳಿಯುತ್ತವೆ, ಹಾಗಾಗಿ ಬೋನಿಗೆ ಕೆಲವು ರಾತ್ರಿ ಏನೂ ಬೀಳದೆ, ಮೇಲೆ ಸದ್ದೂ ಇಲ್ಲದೆ ಇದ್ದ ಮೇಲೆ ಕೊನೆಯ ತೂತು ಮುಚ್ಚಿಸಿ. ಈಗ ಬರುತ್ತಿರುವ ವಾಸನೆಗೆ ಸೀಲಿಂಗಿನ ಒಂದು ಹಲಗೆ ಬಿಚ್ಚಿಸಿ ಹೆಣ ತೆಗೆಸೋದೇ ದಾರಿ, ಮೊದಲು ಲೈಟಿನ ತೂತುಗಳಿಂದ ಟಾರ್ಚ್ ಬಿಟ್ಟು ಎಲ್ಲಿದೆ ಅಂತ ನೋಡಿಕೊಳ್ಳಲಿ.